ಬ್ಯಾಟರಿ, ಪಂಚೆ ಮತ್ತು ಅಡುಗೆ ಸೋಡಾ

ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಕಲಿಸಿ, ವಿದ್ಯುತ್ತಿನ ಪಾಠವನ್ನು ಪುಸ್ತಕ ತೆರೆಯದೆಯೇ ಹೇಳಬಲ್ಲೆನೆಂಬ ಜಂಬವನ್ನು ಬೀಳ್ಕೊಡುಗೆಯ ಶಾಲಿನ ಜೊತೆಗೇ ಹೊದ್ದುಕೊಂಡು ಮನೆಗೆ ಬಂದ ನಾನು, ಒಂದು ಸಣ್ಣ ದೋಣಿಗೆ ತಕ್ಕ ಬ್ಯಾಟರಿಯನ್ನು ಆರಿಸುವಷ್ಟರಲ್ಲಿ ಒಂದೂವರೆ ವರ್ಷವನ್ನೂ, ಎರಡು ಪಂಚೆಗಳನ್ನೂ, ಒಂದು ಡಬ್ಬಿ ಅಡುಗೆ ಸೋಡಾವನ್ನೂ ಕಳೆದುಕೊಂಡೆ.

ದೋಣಿ ದೊಡ್ಡದೇನಲ್ಲ, 14 ಅಡಿಯ ಫೈಬರ್ ದೋಣಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಸಮುದ್ರ ಸೇರುವಲ್ಲಿ, ಕುಂದಾಪುರದ ಬದಿಯ ಹಿನ್ನೀರಿನಲ್ಲಿ ಸಂಜೆ ಹೊತ್ತು ಗಾಳಕ್ಕೆ ಶೆಟ್ಲಿ, ಎಂದರೆ ಸಿಗಡಿ, ಸಿಕ್ಕಿಸಿ ಕುಳಿತು, ನಾಲ್ಕು ಕಾಣೆ ಮೀನು ಸಿಕ್ಕಿದರೆ ತಂದು, ಸಿಕ್ಕದಿದ್ದರೆ ಗಾಳಿಯ ದಿಕ್ಕನ್ನು ಬೈದುಕೊಂಡು ಮರಳುವುದು ನನ್ನ ನಿವೃತ್ತ ಜೀವನದ ವೇಳಾಪಟ್ಟಿ. ಜೊತೆಗಿರುವವರು ನೆರೆಮನೆಯ ಅಣ್ಣಯ್ಯ. ಹದಿಹರೆಯದಿಂದ ಕಡಲಿಗೆ ಹೋಗಿ ಬಂದವರು, ಮಾತು ಕಡಿಮೆ. ನನ್ನ ಬಲಭುಜದ ನೋವು ಹುಟ್ಟು ಹಾಕಲು ಬಿಡದಿದ್ದಾಗ, ಬೆಂಗಳೂರಿನಲ್ಲಿರುವ ಮಗ ದೋಣಿಯ ಹಿಂಬದಿಗೆ ಬಿಗಿಯುವ ಸಣ್ಣ ವಿದ್ಯುತ್ ಮೋಟಾರೊಂದನ್ನು ಕಳುಹಿಸಿದ. ಅದರ ಪೆಟ್ಟಿಗೆಯ ಮೇಲೆ ಬ್ಯಾಟರಿಯನ್ನು ಪ್ರತ್ಯೇಕವಾಗಿ ಕೊಳ್ಳಬೇಕೆಂದು, ಮಕ್ಕಳ ಆಟಿಕೆಗಳ ಮೇಲೆ ಬರೆದಿರುವಂತೆಯೇ, ಅತಿ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಕೊಳ್ಳುವುದೇಕೆ ಎಂದು ನನಗನ್ನಿಸಿತು. ಭಾವ ತಮ್ಮ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ ಹಳೆಯದನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ಇಟ್ಟಿದ್ದರು. 12 ವೋಲ್ಟಿನದು, 35 ಆಂಪಿಯರ್-ಅವರ್, ಎಂದರೆ ಎಷ್ಟು ಆಂಪಿಯರನ್ನು ಎಷ್ಟು ಗಂಟೆ ಕೊಡಬಲ್ಲುದೆಂಬುದರ ಗುಣಲಬ್ಧ. ಗುಜರಿಗೆ ಹಾಕಿದರೆ ಸೀಸದ ತೂಕಕ್ಕೆ ಸಿಗುವ ದುಡ್ಡು ಬಿಟ್ಟರೆ ಬೇರೆ ಖರ್ಚಿಲ್ಲ. ರಾತ್ರಿಯಿಡೀ ಚಾರ್ಜ್ ಮಾಡಿ ಮೀಟರ್ ಇಟ್ಟು ನೋಡಿದರೆ ಮುಳ್ಳು 12.6 ತೋರಿಸಿತು. ಆರು ಕೋಶಗಳ ಸೀಸ-ಆಮ್ಲ ಬ್ಯಾಟರಿ ತುಂಬಿರುವಾಗ ಇರಬೇಕಾದದ್ದು ಅಷ್ಟೇ ಎಂದು ಎಷ್ಟೋ ತಂಡದ ಮಕ್ಕಳಿಗೆ ಬರೆಸಿದವನು ನಾನು. ಅಣ್ಣಯ್ಯ ಮಾತ್ರ ಬೀಡಿಯ ಹೊಗೆಯ ಮರೆಯಿಂದ, “ಕಾರಿಗೆ ಆಗದ್ದ್ ದೋಣಿಗೆ ಆತ್ತಾ ಮಾಷ್ಟ್ರೆ?” ಎಂದರು. ನಾನು ಮೀಟರನ್ನು ಅವರ ಮುಖದ ಹತ್ತಿರ ಹಿಡಿದೆ. ಅಷ್ಟೇ ಅಲ್ಲದೆ, ಮೋಟಾರು ಇರುವಾಗ ಜಾಗ ತಿನ್ನುವುದೇಕೆಂದು ಹುಟ್ಟನ್ನು ದಡದಲ್ಲೇ ಇಳಿಸಿಬಿಟ್ಟೆ.

ಮೊದಲ 20 ನಿಮಿಷ ದೋಣಿ ಸದ್ದಿಲ್ಲದೆ ಸಾಗಿತು. ನೀರು ಇಳಿಯುವ ಹೊತ್ತು, ಹೊಳೆಯೂ ಮೋಟಾರೂ ಸೇರಿ ನಮ್ಮನ್ನು ಅಳಿವೆಯ ಕಡೆಗೆ ಒಯ್ಯುತ್ತಿದ್ದವು, ಮತ್ತು ಆ ವೇಗವೆಲ್ಲ ಬ್ಯಾಟರಿಯದೇ ಎಂದು ನಾನು ಅದರ ತಲೆ ಸವರುತ್ತಿದ್ದೆ. ಕತ್ತಲಾಗುತ್ತ ಬಂದಾಗ ಹಿಂದಿರುಗೋಣವೆಂದು ದೋಣಿ ತಿರುಗಿಸಿದೆವು. ಮೋಟಾರು ಒಮ್ಮೆ ಗೊರಗುಟ್ಟಿ, ಎಂಟನೆಯ ತರಗತಿಯ ಹುಡುಗ ಪದ್ಯ ಮರೆತಾಗ ಎಳೆಯುವಂತೆ ರಾಗ ಎಳೆದು ನಿಂತುಹೋಯಿತು.

ಆಗ ನೆನಪಾಯಿತು ಲೆಕ್ಕ. ಈ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯ ಮೇಲಿನ 35 ಎಂಬುದು ಅದನ್ನು 20 ಗಂಟೆಗಳ ಕಾಲ ನಿಧಾನವಾಗಿ, ಎಂದರೆ ಎರಡು ಆಂಪಿಯರಿಗೂ ಕಡಿಮೆಯಾಗಿ ಹಿಂಡಿದರೆ ಸಿಗುವ ಮೊತ್ತ. ಒಮ್ಮೆಗೇ ಹಿಂಡಿದರೆ ಅಷ್ಟೂ ಸಿಗುವುದಿಲ್ಲ. ಸಾಲದ್ದಕ್ಕೆ ಕಾರಿನ ಬ್ಯಾಟರಿಯ ಒಳಗಿರುವವು ತೆಳ್ಳನೆಯ ಸೀಸದ ಹಲಗೆಗಳು, ಎಂಜಿನ್ ಎಬ್ಬಿಸಲು ಕೆಲವೇ ಕ್ಷಣ ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದಕ್ಕೆಂದು ಮಾಡಿದವು. ಮೆರವಣಿಗೆಗೆ ಬಂದ ಕುದುರೆಯನ್ನು ನೊಗಕ್ಕೆ ಕಟ್ಟಿದಂತಾಗಿತ್ತು. ಮೀಟರ್ ಸುಳ್ಳು ಹೇಳಿರಲಿಲ್ಲ. ಮಲಗಿದವನ ನಾಡಿ ಹಿಡಿದು ಇವನು ಗುಡ್ಡ ಹತ್ತಬಲ್ಲನೆಂದು ತೀರ್ಮಾನಿಸಿದವನು ನಾನು.

ಇದನ್ನೆಲ್ಲ ಅಣ್ಣಯ್ಯನವರಿಗೆ ವಿವರಿಸಿದೆ. ಅವರು ಕೇಳುತ್ತ ಕೇಳುತ್ತ ಲಂಗರು ಇಳಿಸಿ, ತಲೆಗೆ ಮುಂಡಾಸು ಬಿಗಿದು, ಮಲಗಿಯೇಬಿಟ್ಟರು. ಮೀನುಗಾರಿಕೆಯ ಬೋಟುಗಳು ಬಂದರಿಗೆ ಮರಳುತ್ತ ಎಬ್ಬಿಸಿದ ಅಲೆಗಳಲ್ಲಿ ನಾವು ರಾತ್ರಿ 11ರವರೆಗೆ ತೂಗಾಡಿದೆವು. ನೀರು ಏರತೊಡಗಿದಾಗ ಎದ್ದು ಲಂಗರು ಎತ್ತಿ, ಕೂರುವ ಹಲಗೆಯನ್ನು ಕಿತ್ತು ಅದನ್ನೇ ಹುಟ್ಟಾಗಿಸಿಕೊಂಡು, ಭರತದ ನೀರಿನ ಜೊತೆಗೆ ಅವರು ನಮ್ಮನ್ನು ದಡ ಮುಟ್ಟಿಸಿದರು. ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ಈ ಅನುಭವದಿಂದ ನಾನು ಕಲಿತದ್ದು ದೊಡ್ಡ ಬ್ಯಾಟರಿ ಬೇಕೆಂಬ ತಪ್ಪು ಪಾಠವನ್ನು. ಹಬ್ಬದ ರಿಯಾಯಿತಿಯ ದಿನಗಳಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ರೂಪಾಯಿಗೆ ಎಷ್ಟು ಆಂಪಿಯರ್ ಬೀಳುತ್ತದೆಂದು ಚೀಟಿಯ ಮೇಲೆ ಭಾಗಿಸಿ ನೋಡಿ, ಮನೆಗಳಲ್ಲಿ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿಯೇ ಎಲ್ಲಕ್ಕಿಂತ ಅಗ್ಗವೆಂದು ಕಂಡುಹಿಡಿದು, 150 ಆಂಪಿಯರ್-ಅವರಿನ ಒಂದನ್ನು ಕೊಂಡೆ. ಭಾಗಾಕಾರ ಸರಿಯಾಗಿತ್ತು. ಭಾಗಾಕಾರದಲ್ಲಿ ತೂಕದ ಕಾಲಂ ಇರಲಿಲ್ಲ. ಆಮ್ಲ ತುಂಬಿದ ಅಂಥ ಬ್ಯಾಟರಿ 50 ಕಿಲೋಗಿಂತ ಹೆಚ್ಚು ತೂಗುತ್ತದೆ, ಅಕ್ಕಿಮೂಟೆಗಿರುವಷ್ಟು ಸೌಜನ್ಯವೂ ಅದಕ್ಕಿಲ್ಲ, ಏಕೆಂದರೆ ಮೂಟೆಯನ್ನು ವಾಲಿಸಬಹುದು, ಇದನ್ನು ವಾಲಿಸುವಂತಿಲ್ಲ. ಆಟೋದಿಂದ ದೋಣಿಗೆ ಇಳಿಸಲು ಇಬ್ಬರು ಹಮಾಲಿಗಳು ಬೇಕಾದರು. ಹಿಂಬದಿಯಲ್ಲಿ ಮೋಟಾರು, ಅದರ ಬುಡದಲ್ಲಿ ಬ್ಯಾಟರಿ, ಬ್ಯಾಟರಿಯ ಪಕ್ಕದಲ್ಲಿ ನಾನು ಕುಳಿತಾಗ ದೋಣಿಯ ಮೂತಿ ಮೇಲೆದ್ದು, ಅಲ್ಲಿ ಕುಳಿತಿದ್ದ ಅಣ್ಣಯ್ಯ ಮಂತ್ರಿಗಳು ವೇದಿಕೆಯ ಮೇಲಿಂದ ನೋಡುವಂತೆ ನನ್ನನ್ನು ನೋಡುತ್ತಿದ್ದರು.

ಎರಡನೆಯ ಸಂಜೆ ಒಂದು ಅಲೆಗೆ ದೋಣಿ ವಾಲಿತು. ಬ್ಯಾಟರಿ ಬೀಳದಂತೆ ನಾನು ಅದನ್ನು ತಬ್ಬಿಕೊಂಡೆ. ತಬ್ಬಿದ್ದು ಬೇಡವಾಗಿತ್ತು. ನೀರಿನ ಮಟ್ಟ ತೋರಿಸುವ ಮುಚ್ಚಳಗಳ ಸಂದಿನಿಂದ ನಾಲ್ಕು ಹನಿ ಆಮ್ಲ ಪಂಚೆಯ ಮೇಲೆ ಬಿತ್ತು, ಆದರೆ ಕಲೆಯೂ ಕಾಣಲಿಲ್ಲ, ಉರಿಯೂ ಆಗಲಿಲ್ಲ. ಆಮ್ಲದ ಕೆಲಸ ಅಂಥದ್ದು. ನೂಲನ್ನು ಸದ್ದಿಲ್ಲದೆ ತಿಂದು, ನೂಲಿನ ಆಕಾರವನ್ನು ಮಾತ್ರ ಹಾಗೆಯೇ ನಿಲ್ಲಿಸಿ, ಒಗೆಯುವವರೆಗೆ ಕಾಯುತ್ತದೆ. ಎರಡು ದಿನಗಳ ಮೇಲೆ ನನ್ನ ಹೆಂಡತಿ ಒಣಹಾಕಿದ ಪಂಚೆಯನ್ನು ಬಿಸಿಲಿಗೆ ಹಿಡಿದು, ಆ ತೂತುಗಳ ಮೂಲಕ ನನ್ನನ್ನು ನೋಡಿ, “ಇದಕ್ಕೆ ಜಿರಳೆ ಬಿದ್ದದ್ದೋ, ನಿಮ್ಮ ಮೀನು ಕಚ್ಚಿದ್ದೋ?” ಎಂದು ವಿಚಾರಿಸಿದಳು. ಎರಡನೆಯ ಪಂಚೆಗೂ ಇದೇ ಗತಿಯಾದ ಮೇಲೆ, ಆಮ್ಲ ಬಿದ್ದಲ್ಲಿ ಅಡುಗೆ ಸೋಡಾ ಕದಡಿದ ನೀರು ಹಾಕಬೇಕು, ಅದು ನೊರೆಯೆದ್ದು ಆಮ್ಲವನ್ನು ಸಾಯಿಸುತ್ತದೆ ಎಂಬ ರಸಾಯನಶಾಸ್ತ್ರ ನೆನಪಾಗಿ, ಅಡುಗೆಮನೆಯ ಸೋಡಾ ಡಬ್ಬಿಯನ್ನೇ ದೋಣಿಗೆ ಒಯ್ದೆ. ಆ ಭಾನುವಾರ ಬೀಗರು ಬಂದಿದ್ದರು. ಸೋಡಾ ಕಾಣದ ಗೋಳಿಬಜೆ ಹೇಗಿತ್ತೆಂದು ನಾನು ಬರೆಯುವುದಿಲ್ಲ. ಆದರೆ ಬೀಗರು ಅದನ್ನು ಚಟ್ನಿಯಲ್ಲಿ ಬಹಳ ಹೊತ್ತು ನೆನೆಸಿಟ್ಟರು.

ಅಂಗಡಿಗೆ ಹೋಗಿ ವಾರಂಟಿ ಕಾರ್ಡು ಚಾಚಿದೆ. 36 ತಿಂಗಳು ಉಚಿತ ಬದಲಾವಣೆ, ಆಮೇಲಿನ 18 ತಿಂಗಳು ಬಳಸಿದ ಕಾಲಕ್ಕೆ ತಕ್ಕ ರಿಯಾಯಿತಿ ಎಂದು ಅದರಲ್ಲಿ ಬರೆದಿತ್ತು. ಅಂಗಡಿಯವರು ಪೆನ್ನು ತೆರೆದು, ಯಾವ ಇನ್ವರ್ಟರಿಗೆ ಹಾಕಿದ್ದೀರೆಂದು ಕೇಳಿದರು. ದೋಣಿಗೆ ಎಂದೆ. ಅವರು ಪೆನ್ನು ಮುಚ್ಚಿದರು.

ಇದನ್ನು ಕೇಳಿ ಮಗ ಫೋನಿನಲ್ಲಿ ಲಿಥಿಯಂ ಬ್ಯಾಟರಿಯ ಗುಣಗಾನ ಮಾಡಿದ. 100 ಆಂಪಿಯರ್-ಅವರಿನದು ಹನ್ನೆರಡು ಕಿಲೋ ಆಸುಪಾಸಿನಲ್ಲಿರುತ್ತದೆ, ಆಮ್ಲ ಚೆಲ್ಲುವುದಿಲ್ಲ, ಒಳಗಿರುವುದರಲ್ಲಿ ಶೇಕಡಾ 80ರಷ್ಟನ್ನು ಧೈರ್ಯವಾಗಿ ಬಳಸಬಹುದು, 2,000 ಸಲ ಚಾರ್ಜ್ ಮಾಡಿದರೂ ಬಾಳುತ್ತದೆ ಎಂದ. ಎಲ್ಲವೂ ನಿಜವೇ. ಆದರೆ ಬೆಲೆ ಕೇಳಿದ ಮೇಲೆ ನಾನು ಮತ್ತೊಮ್ಮೆ ಚೀಟಿ ತೆಗೆದೆ. ವಾರಕ್ಕೆ ಎರಡು ಸಂಜೆಯಂತೆ ವರ್ಷಕ್ಕೆ 100 ಸಂಜೆ ದೋಣಿ ಇಳಿಸಿದರೆ 2,000 ಚಾರ್ಜು ಮುಗಿಯಲು 20 ವರ್ಷ ಬೇಕು. ನನಗೀಗ 64. ಹಾಕಿದ ದುಡ್ಡು ಹುಟ್ಟಬೇಕಾದರೆ 84ರವರೆಗೆ ತಪ್ಪದೆ ಕಾಣೆ ಹಿಡಿಯುವ ಹೊಣೆ ನನ್ನ ಮೇಲೆ ಬೀಳುತ್ತದೆ, ಮತ್ತು ಅಣ್ಣಯ್ಯನವರಿಗೆ ಆಗ 90 ದಾಟಿರುತ್ತದೆ. ಬೇಡವೆಂದೆ.

ಕೊನೆಗೆ ದಾರಿ ತೋರಿಸಿದವನು, ವಿದ್ಯುತ್ತಿನ ಅಧ್ಯಾಯದಲ್ಲಿ 25ಕ್ಕೆ 4 ಅಂಕ ಪಡೆದು ನನ್ನಿಂದ ಬೈಸಿಕೊಂಡಿದ್ದ, ಈಗ ಬ್ಯಾಟರಿ ರಿಪೇರಿ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿ. ಇ-ರಿಕ್ಷಾಕ್ಕೆ ಹಾಕುವ ಬ್ಯಾಟರಿಯೇ ನಿಮಗೆ ಸರಿ ಸಾರ್ ಎಂದು, ನಾನು ಹಿಂದೆ ಕರಿಹಲಗೆಯ ಮೇಲೆ ಬರೆಯುತ್ತಿದ್ದ ರೀತಿಯಲ್ಲೇ ಅವನು ರಟ್ಟಿನ ತುಂಡಿನ ಮೇಲೆ ಬರೆದು ತೋರಿಸಿದ. ದಿನವೂ ತುಂಬಿ ದಿನವೂ ಖಾಲಿಯಾಗುವ ಕೆಲಸಕ್ಕೆಂದೇ ಅದರ ಹಲಗೆಗಳನ್ನು ದಪ್ಪಗೆ ಮಾಡಿರುತ್ತಾರೆ. 100 ಆಂಪಿಯರ್-ಅವರಿನಲ್ಲಿ ಅರ್ಧವನ್ನು ಮಾತ್ರ ಖರ್ಚು ಮಾಡಿದರೆ ಅದು ಹೆಚ್ಚು ಕಾಲ ಬಾಳುತ್ತದೆ, ಹಾಗಾಗಿ ನಿಮ್ಮ ಕೈಯಲ್ಲಿರುವುದು 50. ಮೋಟಾರನ್ನು ಪೂರ್ತಿ ತಿರುವದೆ ನಡುವಿನ ವೇಗದಲ್ಲಿಟ್ಟರೆ ಅದು 12–15 ಎಳೆಯುತ್ತದೆ, ಮೂರು ಗಂಟೆಗೆ ಮೋಸವಿಲ್ಲ. “ಗೊತ್ತಾಯ್ತಾ ಸಾರ್?” ಎಂದು ಅವನು ಕೇಳಿದ ಧಾಟಿ ನನ್ನದೇ ಆಗಿತ್ತು. ಗೊತ್ತಾಯಿತೆಂದು ತಲೆಯಾಡಿಸಿದೆ.

ಅವನ ಅಂಗಡಿಯಲ್ಲಿ ಆ ದಿನ ಸರಕಿರಲಿಲ್ಲ. ಬೇರೆ ಕಡೆ ಕೊಳ್ಳಲು ಅವನೇ ಜೊತೆಗೆ ಬಂದು, ಕಪಾಟಿನ ಮುಂದಿದ್ದ ಹೊಳೆಯುವ ಬ್ಯಾಟರಿಯನ್ನು ಬಿಟ್ಟು ಹಿಂದಿನ ಸಾಲಿನ ಧೂಳು ಹಿಡಿದದ್ದನ್ನು ಎಳೆಸಿ, ತಯಾರಿಯ ತಿಂಗಳನ್ನು ಓದಿದ. ಸೀಸದ ಬ್ಯಾಟರಿ ಚಾರ್ಜಿಲ್ಲದೆ ಆರು ತಿಂಗಳು ಕಪಾಟಿನಲ್ಲಿ ಕುಳಿತರೆ ಅದರ ಹಲಗೆಗಳ ಮೇಲೆ ಬಿಳಿಯ ಸಲ್ಫೇಟು ಗಟ್ಟಿಯಾಗಿ ಕೂತು, ಹೊಸದಾಗಿಯೇ ಹಳೆಯದಾಗಿರುತ್ತದಂತೆ. ಅಂದು ಮುಂದಿನ ಸಾಲಿನಲ್ಲಿ ಹೊಳೆಯುತ್ತಿದ್ದುದಕ್ಕೆ ಎಂಟು ತಿಂಗಳಾಗಿತ್ತು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ಬುಟ್ಟಿ ಮುಂದೊಡ್ಡದ ನಾನು ಎರಡು ಬ್ಯಾಟರಿಗಳ ಕಿವಿರನ್ನು ನೋಡಿರಲಿಲ್ಲ.

ಈಗ ಹಿಂದಿನ ಸಾಲಿನ ಆ ಬ್ಯಾಟರಿ ಮೀನಿನ ಪ್ಲಾಸ್ಟಿಕ್ ಕ್ರೇಟಿನೊಳಗೆ, ದೋಣಿಯ ನಡುಭಾಗದಲ್ಲಿ, ಪಟ್ಟಿ ಬಿಗಿದುಕೊಂಡು ಕುಳಿತಿದೆ. ಉಪ್ಪುಗಾಳಿಗೆ ಟರ್ಮಿನಲ್‌ಗಳು ಹಸಿರು ಹಿಡಿಯದಂತೆ ವ್ಯಾಸಲೀನ್ ಬಳಿದಿದ್ದೇನೆ, ಪ್ಲಸ್ ತಂತಿಗೆ 50 ಆಂಪಿಯರಿನ ಫ್ಯೂಸ್ ಹಾಕಿಸಿದ್ದೇನೆ. ಸಮುದ್ರದ ನೀರು ಬ್ಯಾಟರಿಯೊಳಗೆ ಹೊಕ್ಕರೆ ಕ್ಲೋರಿನ್ ಅನಿಲ ಹೊರಡುತ್ತದೆಂಬುದು ಈ ಸಲ ಸಮಯಕ್ಕೆ ಸರಿಯಾಗಿ ನೆನಪಾದ್ದರಿಂದ, ಮೇಲೊಂದು ರಬ್ಬರಿನ ಹೊದಿಕೆಯೂ ಇದೆ. ಮನೆಗೆ ಬಂದ ರಾತ್ರಿಯೇ ಜಗಲಿಯಲ್ಲಿ, ಹೊದಿಕೆ ತೆಗೆದು, ಗಾಳಿಯಾಡುವಲ್ಲಿ ಚಾರ್ಜಿಗೆ ಹಾಕುತ್ತೇನೆ. ಪಂಚೆಯ ಬದಲು ಹಳೆಯ ಟೆರಿಕಾಟ್ ಪ್ಯಾಂಟು ತೊಡುತ್ತೇನೆ.

ಟ್ಯೂಬುಲರಿನ ಕಥೆ ಬೇರೆಯೇ ಆಯಿತು. ಜೂನ್ 1ರಿಂದ ಯಾಂತ್ರಿಕ ಬೋಟುಗಳಿಗೆ 61 ದಿನಗಳ ನಿಷೇಧ ಶುರುವಾಗಿ, ಹೊಳೆಯೂ ಕೆಂಪಾಗಿ, ನಮ್ಮ ದೋಣಿಯೂ ತೆಂಗಿನ ಗರಿಯ ಕೆಳಗೆ ಬೋರಲಾಗಿ ಮಲಗಿದ್ದಾಗ, ಮಳೆಗಾಳಿಗೆ ಮೂರು ರಾತ್ರಿ ಕರೆಂಟು ಹೋಯಿತು. ಜಗಲಿಯಲ್ಲಿದ್ದ ಆ ಪೆಟ್ಟಿಗೆಯನ್ನು ಚಿಮಣಿ ದೀಪದ ಬೆಳಕಿನಲ್ಲಿ ನೋಡುತ್ತ ಹೆಂಡತಿ, “ಇದರೊಳಗೆ ಕರೆಂಟು ಉಂಟಲ್ಲ?” ಎಂದಳು. ಮರುದಿನವೇ ಬ್ಯಾಟರಿಗೆ ಹೊಂದುವ ಇನ್ವರ್ಟರ್ ಮನೆಗೆ ಬಂತು. ಜನರು ಇನ್ವರ್ಟರ್ ಕೊಂಡು ಅದಕ್ಕೆ ಬ್ಯಾಟರಿ ತರುತ್ತಾರೆ, ನಾವು ತಿರುಗಿಸಿ ಮಾಡಿದೆವು, ಅಷ್ಟೇ.

ಆಗಸ್ಟಿನಲ್ಲಿ ನೀರು ತಿಳಿಯಾದ ಮೇಲೆ ಮೊದಲ ಸಂಜೆ ದೋಣಿ ಇಳಿಸಿದೆವು. ನಾನು ಅಣ್ಣಯ್ಯನವರಿಗೆ ಹೊಸ ಬ್ಯಾಟರಿಯನ್ನೂ, ಫ್ಯೂಸನ್ನೂ, ವ್ಯಾಸಲೀನನ್ನೂ, ಮೋಟಾರು ಓಡುತ್ತಿರುವಾಗಲೇ ವೋಲ್ಟೇಜು ನೋಡುವ ಸಣ್ಣ ಮೀಟರನ್ನೂ ಒಂದೊಂದಾಗಿ ತೋರಿಸಿದೆ. ಅವರು ಮೊಣಕಾಲುದ್ದ ನೀರಿನಲ್ಲಿ ನಿಂತು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು.

“ಹ್ವಾಯ್ ಮಾಷ್ಟ್ರೆ, ಹುಟ್ಟ್ ಎಲ್ಲಿತ್ತ್?”

ಹಲಗೆಯ ಕೆಳಗಿಂದ ಎಳೆದು ತೋರಿಸಿದೆ. ಅವರು ಬೀಡಿ ಆರಿಸಿ ದೋಣಿ ಹತ್ತಿದರು.