ನಿಧಾನ ಮಾಡಿ ಅಂದವನಿಗೆ ಕಾಯುವವರು ಯಾರು?

ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊ ಸೆಟ್ಟಿನಲ್ಲಿ ಮಾತಾಡುವುದಕ್ಕೆ ಹ್ಯಾಮ್ ರೇಡಿಯೊ ಅನ್ನುತ್ತಾರೆ, ಹಾಗೆ ಮಾತಾಡುವವರು ಹ್ಯಾಮ್‌ಗಳು. ಇಲ್ಲಿ ಎದುರಿಗಿರುವವರ ಮುಖ ಕಾಣುವುದಿಲ್ಲ. ಬಟ್ಟೆ, ಕಾರು, ಮನೆ ಯಾವುದೂ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಮೇಲು-ಕೀಳು ಇರಲ್ಲ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಆದರೆ ಇದೆ. ಲೈಸೆನ್ಸಿನ ಜೊತೆ ಸಿಗುವ ಅಕ್ಷರ-ಅಂಕಿಗಳ ಗುರುತು, ಅಂದರೆ ಕಾಲ್ ಸೈನ್, ಹೇಳಿದ ಕ್ಷಣವೇ ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ ಅಂತ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಭಾರತದಲ್ಲಿ ಕಾಲ್ ಸೈನ್ ವಿಯು2 ಅಂತ ಶುರುವಾದರೆ ಮೇಲಿನ ಜನರಲ್ ಗ್ರೇಡ್, ವಿಯು3 ಅಂತ ಶುರುವಾದರೆ ಕೆಳಗಿನ ರಿಸ್ಟ್ರಿಕ್ಟೆಡ್ ಗ್ರೇಡ್. ಅಮೆರಿಕದಲ್ಲಿ ಅಂಕಿಯೂ ಸೇರಿ ನಾಲ್ಕೇ ಅಕ್ಷರದ ಚಿಕ್ಕ ಕಾಲ್ ಸೈನ್ ಕೇಳಿಸಿದರೆ ಸಾಮಾನ್ಯವಾಗಿ ಅವರು ಎಕ್ಸ್‌ಟ್ರಾ ದರ್ಜೆಯವರು, ಅಂದರೆ ಅಲ್ಲಿನ ಮೂರು ದರ್ಜೆಗಳಲ್ಲಿ ಎಲ್ಲಕ್ಕಿಂತ ಮೇಲಿನವರು.

ನಾನು ಬೆಂಗಳೂರಿನಲ್ಲಿ ವಿಯು3 ಆಗಿದ್ದೆ. ಈಗ ಓಹಾಯೋದಲ್ಲಿ ಇದ್ದೇನೆ, ಇಲ್ಲಿನ ಲೈಸೆನ್ಸ್ ಪಡೆದಿದ್ದೇನೆ. ಎರಡೂ ಕಡೆ ಅಕ್ಕರೆಯನ್ನೂ ಕಂಡಿದ್ದೇನೆ, ದೊಡ್ಡಸ್ತಿಕೆಯನ್ನೂ ಕಂಡಿದ್ದೇನೆ. ಆದರೆ ಅವು ಎದುರಾಗುವ ಜಾಗಗಳು ಬೇರೆ ಬೇರೆ.

ಅಮೆರಿಕದಲ್ಲಿ ಒಳಗೆ ಬರುವುದು ಸುಲಭ. ಮೊದಲ ಮೆಟ್ಟಿಲಾದ ಟೆಕ್ನಿಷಿಯನ್ ಪರೀಕ್ಷೆಗೆ 35 ಪ್ರಶ್ನೆ, 26 ಸರಿಯಾದರೆ ಪಾಸು. ಪ್ರಶ್ನೆಗಳೂ ಉತ್ತರಗಳೂ ಮೊದಲೇ ಪ್ರಕಟವಾಗಿರುತ್ತವೆ. ಪರೀಕ್ಷೆ ನಡೆಸುವವರು ಸರ್ಕಾರಿ ಅಧಿಕಾರಿಗಳಲ್ಲ, ಊರಿನ ಹ್ಯಾಮ್‌ಗಳೇ. 1984ರಿಂದ ಈ ಕೆಲಸ ಸ್ವಯಂಸೇವಕರ ಕೈಯಲ್ಲಿದೆ. ಮೂವರು ಸೇರಿ ಯಾವುದೋ ಚರ್ಚಿನ ಹಾಲ್‌ನಲ್ಲೋ ಲೈಬ್ರರಿಯಲ್ಲೋ ಶನಿವಾರ ಬೆಳಿಗ್ಗೆ ಕೂರುತ್ತಾರೆ. ನೀವು ಈ ದೇಶದ ಪ್ರಜೆ ಆಗಿರಬೇಕಿಲ್ಲ. ವೀಸಾದ ಮೇಲೆ ಬಂದ ನಮ್ಮಂಥವರೂ ಬರೆಯಬಹುದು. ಸರ್ಕಾರಕ್ಕೆ ಕಟ್ಟುವುದು 35 ಡಾಲರ್. ಕೆಲವೇ ದಿನಗಳಲ್ಲಿ ಕಾಲ್ ಸೈನ್ ಕೈಗೆ ಬರುತ್ತದೆ.

ಭಾರತದಲ್ಲಿ ಪರೀಕ್ಷೆ ನಡೆಸುವುದು ಸರ್ಕಾರ. ನಾನು ಬರೆದಾಗ ಆಮೇಲೆ ಪೊಲೀಸ್ ವೆರಿಫಿಕೇಶನ್, ದೆಹಲಿಯ ಫೈಲು ಇತ್ತು. ತಿಂಗಳುಗಟ್ಟಲೆ ಕಾಯುವುದು ಮಾಮೂಲಾಗಿತ್ತು. ಹೀಗೆ ಕಾಯುತ್ತಿದ್ದಾಗ ಹಿರಿಯ ಹ್ಯಾಮ್ ಒಬ್ಬರು ನನ್ನನ್ನು ಮನೆಗೆ ಕರೆದರು. ತಿಂಡಿ ಕೊಟ್ಟರು, ಪಕ್ಕದಲ್ಲಿ ಕೂರಿಸಿಕೊಂಡರು, ಹೆಡ್‌ಫೋನಿನ ಒಂದು ಕಿವಿ ನನಗೆ ಕೊಟ್ಟು ಜಪಾನಿನವರ ಮಾತು ಕೇಳಿಸಿದರು. ಆಂಟೆನಾ ಕಟ್ಟುವಾಗ ಟೆರೇಸಿಗೆ ಕರೆದುಕೊಂಡು ಹೋದರು. ಇದು ನನ್ನೊಬ್ಬನ ಅದೃಷ್ಟ ಅಲ್ಲ. ಬೆಂಗಳೂರಿನ ಬಹಳ ಹ್ಯಾಮ್‌ಗಳು ಹೀಗೇ ತಯಾರಾದವರು. ಕಷ್ಟಪಟ್ಟು ಬರುವವರು ಕಡಿಮೆ, ಆದ್ದರಿಂದ ಬಂದವರನ್ನು ಮನೆಯವರಂತೆ ನೋಡಿಕೊಳ್ಳುತ್ತಾರೆ.

ಇಲ್ಲಿ ಓಹಾಯೋದಲ್ಲಿ ಲೈಸೆನ್ಸ್ ಸಿಕ್ಕ ಹೊಸತರಲ್ಲಿ ಊರಿನ ರಿಪೀಟರ್‌ನಲ್ಲಿ, ಅಂದರೆ ಸಣ್ಣ ಸೆಟ್ಟುಗಳ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರದಲ್ಲಿ, ಕಾಲ್ ಸೈನ್ ಹೇಳಿ ಕಾಯುತ್ತಿದ್ದೆ. ಉತ್ತರ ಇಲ್ಲ. ರಿಪೀಟರ್ ಕೊನೆಯಲ್ಲೊಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಐದು ನಿಮಿಷ ಬಿಟ್ಟು ಇಬ್ಬರು ಹಳೆಯ ಗೆಳೆಯರು ಅದೇ ರಿಪೀಟರ್‌ನಲ್ಲಿ ಮೊಣಕಾಲು ನೋವಿನ ಬಗ್ಗೆ ಮಾತು ಶುರು ಮಾಡುತ್ತಿದ್ದರು. ಅಂದರೆ ಅವರು ಅಲ್ಲೇ ಇದ್ದರು, ನಾನು ಕರೆದದ್ದು ಕೇಳಿಸಿತ್ತು. ಇದು ನನಗೆ ಮಾತ್ರ ಆದದ್ದಲ್ಲ, ಇಲ್ಲೇ ಹುಟ್ಟಿ ಬೆಳೆದ ಹೊಸ ಹುಡುಗರೂ ಇದನ್ನೇ ಹೇಳುತ್ತಾರೆ. ಬೈಗುಳಕ್ಕಿಂತ ಈ ಮೌನ ಜಾಸ್ತಿ ಜನರನ್ನು ಓಡಿಸಿದೆ ಅಂತ ನನಗೆ ಖಾತ್ರಿ ಇದೆ.

ಇದಕ್ಕೊಂದು ಹಳೆಯ ಕಾರಣವೂ ಇದೆ: ಮೋರ್ಸ್, ಅಂದರೆ ಗಿಡ್ಡ-ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಸಂಕೇತ. ಒಂದು ಕಾಲಕ್ಕೆ ಅಮೆರಿಕದಲ್ಲಿ ಎಕ್ಸ್‌ಟ್ರಾ ಆಗಬೇಕಾದರೆ ನಿಮಿಷಕ್ಕೆ 20 ಪದದ ವೇಗದಲ್ಲಿ ಮೋರ್ಸ್ ಕೇಳಿ ಬರೆದುಕೊಳ್ಳಬೇಕಿತ್ತು. 1991ರಲ್ಲಿ ಟೆಕ್ನಿಷಿಯನ್ ದರ್ಜೆಗೆ ಮೋರ್ಸ್ ಬೇಡ ಅಂದರು. 2000ದಲ್ಲಿ ಉಳಿದ ದರ್ಜೆಗಳಿಗೆ 5 ಪದಕ್ಕೆ ಇಳಿಸಿದರು. 2007ರಲ್ಲಿ ಪೂರ್ತಿ ತೆಗೆದುಬಿಟ್ಟರು. ರಾತ್ರಿಯೆಲ್ಲ ಕೂತು ಕಲಿತವರಿಗೆ ನೋವಾಯಿತು. ಆ ನೋವು ನನಗೆ ಅರ್ಥವಾಗುತ್ತದೆ. ಮೋರ್ಸ್ ಅಂದರೆ ನನಗೂ ಪ್ರೀತಿ. ಆದರೆ ಕಷ್ಟಪಟ್ಟು ಪಡೆದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಒಂದು, ಅದನ್ನು ಬೇಲಿ ಮಾಡಿಕೊಳ್ಳುವುದು ಇನ್ನೊಂದು. ಅಷ್ಟು ವರ್ಷ ಕಳೆದರೂ ಮೋರ್ಸ್ ಬಾರದವನು ಹ್ಯಾಮೇ ಅಲ್ಲ ಎಂಬ ಮಾತು ಇನ್ನೂ ಕಿವಿಗೆ ಬೀಳುತ್ತದೆ.

ಅದೇ ಮೋರ್ಸ್‌ನಲ್ಲಿ ಈ ಹವ್ಯಾಸದ ಅತಿ ಒಳ್ಳೆಯ ನಡತೆಯೂ ಇದೆ. ಕ್ಯೂಆರ್‌ಎಸ್ ಅಂತ ಮೂರು ಅಕ್ಷರ ಕಳಿಸಿದರೆ ನಿಧಾನ ಮಾಡಿ ಅಂತ ಅರ್ಥ. ಒಳ್ಳೆಯ ಆಪರೇಟರ್ ಅದನ್ನು ಕೇಳುವ ತನಕವೂ ಕಾಯುವುದಿಲ್ಲ. ಕರೆದವನ ವೇಗ ಎಷ್ಟಿದೆಯೋ ಅಷ್ಟಕ್ಕೇ ತಾನೂ ಇಳಿಯುತ್ತಾನೆ. 1928ರಲ್ಲಿ ಪಾಲ್ ಸೀಗಲ್ ಎಂಬ ಅಮೆರಿಕದ ಹ್ಯಾಮ್ ಹವ್ಯಾಸಿಗಳಿಗಾಗಿ ಒಂದು ನೀತಿಸಂಹಿತೆ ಬರೆದ. ಅದರಲ್ಲಿ ಸ್ನೇಹ ಅಂದರೆ ಏನು ಎಂಬುದಕ್ಕೆ ಮೊದಲು ಬರುವುದೇ ಇದು: ಕೇಳಿದಾಗ ನಿಧಾನವಾಗಿ, ತಾಳ್ಮೆಯಿಂದ ಆಪರೇಟ್ ಮಾಡುವುದು. ಹೊಸಬರಿಗೆ ಬುದ್ಧಿ ಹೇಳುವುದು ಅದರ ನಂತರ. ಈ ಕ್ರಮ ನನಗೆ ತುಂಬಾ ಇಷ್ಟ. ಯಾಕೆಂದರೆ ಬುದ್ಧಿ ಹೇಳುವುದಕ್ಕೆ ಎಲ್ಲರೂ ರೆಡಿ ಇರುತ್ತಾರೆ, ವೇಗ ಇಳಿಸುವುದಕ್ಕೆ ಇರುವುದಿಲ್ಲ.

ನನ್ನ ಕನ್ನಡದ ಇಂಗ್ಲಿಷ್ ಇಲ್ಲಿನವರ ಕಿವಿಗೆ ಕೂಡಲೇ ಹಿಡಿಯುವುದಿಲ್ಲ, ಅದರಲ್ಲೂ ಸಿಗ್ನಲ್ ಸಣ್ಣಗಿದ್ದಾಗ. ಆಗ ಕೆಲವರು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಕೆಲವರು ಮಾತ್ರ 'ಕೊನೆಯ ಎರಡು ಅಕ್ಷರ ಇನ್ನೊಮ್ಮೆ ಹೇಳು, ನನಗೆ ಟೈಮ್ ಇದೆ' ಅನ್ನುತ್ತಾರೆ. ಅಂಥವರಲ್ಲಿ ಎಂಬತ್ತು ದಾಟಿದವರೊಬ್ಬರು ಇದ್ದಾರೆ. ಬೆಂಗಳೂರು ಅಂದ ಕೂಡಲೇ ಅವರು ವಿಓ-52 ಬಗ್ಗೆ ಕೇಳಿದರು. ಅದು ಇಸ್ರೋ ಹ್ಯಾಮ್‌ಗಳಿಗಾಗಿ ಮಾಡಿದ ಹ್ಯಾಮ್‌ಸ್ಯಾಟ್. 2005ರ ಮೇ 5ರಂದು ಪಿಎಸ್‌ಎಲ್‌ವಿ ಹೊತ್ತೊಯ್ದ ಪುಟ್ಟ ಉಪಗ್ರಹ, 2014ರವರೆಗೆ ಕೆಲಸ ಮಾಡಿತು. ಜಗತ್ತಿನ ಯಾವ ಹ್ಯಾಮ್ ಬೇಕಾದರೂ ಬಿಟ್ಟಿಯಾಗಿ ಬಳಸಬಹುದಿತ್ತು. ಅವರು ಹಿತ್ತಲಲ್ಲಿ ನಿಂತು ಕೈಯಲ್ಲಿ ಆಂಟೆನಾ ಹಿಡಿದು ಅದರ ಮೂಲಕ ಎಷ್ಟೋ ಮಾತಾಡಿದ್ದರಂತೆ. ನನಗೆ ಹೆಮ್ಮೆಯಾಯಿತು. ಅವತ್ತಿಂದ ವಾರಕ್ಕೊಮ್ಮೆ ನಮ್ಮ ಮಾತು ನಡೆಯುತ್ತದೆ. ಅವರು ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ನಾನೂ ಅವರನ್ನು ಹೆಸರು ಹಿಡಿದೇ ಕರೆಯುತ್ತೇನೆ.

ಅಮೆರಿಕದಿಂದ ನಾವು ಕಲಿಯಬೇಕಾದದ್ದು ಇಲ್ಲೇ ಇದೆ. ನಮ್ಮ ಹಿರಿಯರ ಪ್ರೀತಿ ದೊಡ್ಡದು, ಆದರೆ ನೀವು ಕಿರಿಯರಾಗಿಯೇ ಇರುವಷ್ಟು ಕಾಲ ಮಾತ್ರ. ನೆಟ್‌ನಲ್ಲಿ, ಅಂದರೆ ಹ್ಯಾಮ್‌ಗಳೆಲ್ಲ ರೇಡಿಯೊದಲ್ಲೇ ಸೇರುವ ಕೂಟದಲ್ಲಿ, ಸರ್ ಮಾತಾಡುತ್ತಿದ್ದರೆ ಹುಡುಗರು ಕೇಳುತ್ತಿರಬೇಕು. ಸರ್ ಹೇಳಿದ ಲೆಕ್ಕ ತಪ್ಪು ಅಂತ ಹತ್ತೊಂಬತ್ತರ ಹುಡುಗಿ ಹೇಳಿದರೆ ಎಲ್ಲರಿಗೂ ಮುಜುಗರ. ಇಲ್ಲಿ ಹೈಸ್ಕೂಲ್ ಹುಡುಗ ಕ್ಲಬ್ಬಿನ ಅಧ್ಯಕ್ಷರನ್ನೇ ಎಲ್ಲರೆದುರು ತಿದ್ದುತ್ತಾನೆ, ಅವರು ಥ್ಯಾಂಕ್ಸ್ ಹೇಳಿ ನೋಟ್ ಮಾಡಿಕೊಳ್ಳುತ್ತಾರೆ. ಅದನ್ನು ನೋಡುವಾಗಲೆಲ್ಲ ನಮ್ಮ ಹುಡುಗರು ನೆನಪಾಗುತ್ತಾರೆ.

ಇನ್ನೊಂದು ವಿಷಯ, ಸಿಗ್ನಲ್ ರಿಪೋರ್ಟು. ಮಾತು ಎಷ್ಟು ಸ್ಪಷ್ಟ ಎಂಬುದಕ್ಕೆ 1ರಿಂದ 5, ಸಿಗ್ನಲ್ ಎಷ್ಟು ಜೋರು ಎಂಬುದಕ್ಕೆ 1ರಿಂದ 9. ಎರಡೂ ಕಡೆ ಕೇಳಿಸದವರಿಗೂ ಫೈವ್ ನೈನ್ ಕೊಡುವ ಚಾಳಿ ಇದೆ. ಇದು ಸ್ನೇಹ ಅಲ್ಲ. 'ನಿಮ್ಮ ಆಡಿಯೊ ಒಡೆಯುತ್ತಿದೆ, ಮೈಕ್ ಗೇನ್ ಸ್ವಲ್ಪ ಇಳಿಸಿ, ನಾನು ಕೇಳಿ ಹೇಳ್ತೀನಿ' ಅನ್ನುವುದು ಸ್ನೇಹ. 'ಮೊದಲು ಮ್ಯಾನ್ಯುವಲ್ ಓದಿ ಬಾ' ಅನ್ನುವುದು ದೊಡ್ಡಸ್ತಿಕೆ. ಚೀನಾದ ಅಗ್ಗದ ಬಾವೊಫೆಂಗ್ ರೇಡಿಯೊ ಸೆಟ್ ಹಿಡಿದು ಬಂದ ಹುಡುಗನಿಗೆ ಸಿಗುವುದು ಹೆಚ್ಚಾಗಿ ಎರಡನೆಯದು. ಆ ಸೆಟ್ಟುಗಳಲ್ಲಿ ಕೆಲವು ಬೇಡದ ಕಡೆಯೂ ಸಿಗ್ನಲ್ ಚೆಲ್ಲುತ್ತವೆ, ನಿಜ. ಹಾಗಿದ್ದರೆ ಅದನ್ನು ಅಳೆದು ತೋರಿಸಿ, ಫಿಲ್ಟರ್ ಹಾಕುವುದನ್ನು ಹೇಳಿಕೊಡಿ. ಅವನ ಜೇಬಿನಲ್ಲಿದ್ದದ್ದು ಅಷ್ಟೇ ದುಡ್ಡು.

ದುಡ್ಡಿನ ದೊಡ್ಡಸ್ತಿಕೆಗೆ ಅತಿ ಒಳ್ಳೆಯ ಉತ್ತರ ಬಂದದ್ದು ನಮ್ಮ ಪಕ್ಕದ ಹೈದರಾಬಾದಿನಿಂದ. ಅಲ್ಲಿನ ಅಶ್ಹರ್ ಫರ್ಹಾನ್, ಕಾಲ್ ಸೈನ್ ವಿಯು2ಇಎಸ್‌ಇ, ಬಿಟ್‌ಎಕ್ಸ್ ಎಂಬ ಟ್ರಾನ್ಸೀವರ್, ಅಂದರೆ ಕಳಿಸುವ ಮತ್ತು ಕೇಳುವ ಎರಡೂ ಕೆಲಸದ ರೇಡಿಯೊ, ವಿನ್ಯಾಸ ಮಾಡಿದರು. ವಿದೇಶಿ ಸೆಟ್ ಕೊಳ್ಳಲಾಗದವರು ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಲಿ ಎಂಬುದು ಉದ್ದೇಶ. ಕಾಯಿಲ್ ಸುತ್ತುವುದಕ್ಕೆ ನಲ್ಲಿಯ ವಾಷರ್ ಸಾಕು ಅಂದರು. ಸರ್ಕ್ಯೂಟ್ ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತು ಅಮೆರಿಕದ ಹ್ಯಾಮ್‌ಗಳ ಮೇಜಿನ ಮೇಲೂ ಬಿಟ್‌ಎಕ್ಸ್ ಇದೆ.

ಜಾಗದ ದೊಡ್ಡಸ್ತಿಕೆಯೂ ಇದೆ. ಎಕರೆಗಟ್ಟಲೆ ಜಾಗ, ಎತ್ತರದ ಟವರ್ ಇದ್ದವನಿಗೆ ಇಡೀ ಜಗತ್ತು ಕೇಳಿಸುತ್ತದೆ. ಬಾಡಿಗೆ ಅಪಾರ್ಟ್‌ಮೆಂಟಿನವನಿಗೆ ಬಾಲ್ಕನಿಯೇ ಗತಿ. ಇಲ್ಲಿನ ಎಷ್ಟೋ ಬಡಾವಣೆಗಳ ಸಂಘಗಳು ಹೊರಗೆ ಒಂದು ತಂತಿ ಕಟ್ಟಲೂ ಬಿಡುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಟೆರೇಸ್ ಜಗಳ ಗೊತ್ತಿದ್ದವರಿಗೆ ಇದು ಹೊಸದಲ್ಲ ಅಲ್ವಾ? ಇಂಥವರಿಗೆ 2017ರಲ್ಲಿ ಎಫ್‌ಟಿ8 ಎಂಬ, ಕಂಪ್ಯೂಟರ್ ಮೂಲಕ ಸಂದೇಶ ಕಳಿಸುವ ವಿಧಾನ ಬಂತು. ಕಿವಿಗೆ ಕೇಳಿಸದಷ್ಟು ಸಣ್ಣ ಸಿಗ್ನಲನ್ನೂ ಕಂಪ್ಯೂಟರ್ ಹೆಕ್ಕಿ ತೆಗೆಯುತ್ತದೆ. ಮಾಡಿದ ಇಬ್ಬರಲ್ಲಿ ಒಬ್ಬರು ಜೋ ಟೇಲರ್, 1993ರ ಭೌತಶಾಸ್ತ್ರ ನೊಬೆಲ್ ಪಡೆದವರು. ಆದರೂ ಇದು ರೇಡಿಯೊನೇ ಅಲ್ಲ ಅನ್ನುವ ಗುಂಪು ಇದೆ. ಹಾಗನ್ನುವವರಲ್ಲಿ ನಾನು ಕಂಡ ಹೆಚ್ಚಿನವರ ಮನೆಯ ಹಿಂದೆ ಟವರ್ ಇತ್ತು.

ದೊಡ್ಡವರು ಹೇಗೆ ನಡೆದುಕೊಂಡರು ಎಂಬುದನ್ನು ಇವರು ಮರೆಯಬಾರದು. ಜೋರ್ಡಾನಿನ ದೊರೆ ಹುಸೇನ್, ಜೆವೈ1, ರೇಡಿಯೊದಲ್ಲಿ ಬರೀ ಹುಸೇನ್ ಅಂತ ಪರಿಚಯ ಹೇಳಿಕೊಂಡು ಯಾರ ಜೊತೆ ಬೇಕಾದರೂ ಮಾತಾಡುತ್ತಿದ್ದರು. 1983ರಲ್ಲಿ ಗಗನಯಾತ್ರಿ ಓವನ್ ಗ್ಯಾರಿಯಟ್ ಕೊಲಂಬಿಯಾ ನೌಕೆಯಿಂದ ಮಾತಾಡಿದಾಗ, ಬಾಹ್ಯಾಕಾಶದಿಂದ ಹ್ಯಾಮ್ ದನಿ ಬಂದದ್ದು ಅದೇ ಮೊದಲು. ಗ್ಯಾರಿಯಟ್ ಮಾತಾಡಿಸಿದವರ ಪಟ್ಟಿಯಲ್ಲಿ ಆ ದೊರೆಯೂ ಇದ್ದರು, ಹೆಸರೇ ಗೊತ್ತಿಲ್ಲದ ಸಾಮಾನ್ಯ ಹ್ಯಾಮ್‌ಗಳೂ ಇದ್ದರು.

ನಮ್ಮಲ್ಲಿಯೂ ಪರೀಕ್ಷೆ ನಡೆಸುವ ಕೆಲಸವನ್ನು ಸರ್ಕಾರ ಕ್ಲಬ್‌ಗಳಿಗೆ ಕೊಡಲಿ ಅಂತ ನನ್ನ ಆಸೆ. ಅದು ಆಗುವ ತನಕ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಬೆಂಗಳೂರಿನ ನೆಟ್‌ಗಳಲ್ಲಿ ಕನ್ನಡ ಬಲ್ಲವರೇ ಸೇರಿದ್ದರೂ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ತುಮಕೂರಿನಿಂದಲೋ ದಾವಣಗೆರೆಯಿಂದಲೋ ಹೊಸದಾಗಿ ಬಂದ ಹುಡುಗ ಮೈಕಿನ ಬಟನ್ ಒತ್ತಲು ಹಿಂಜರಿಯುತ್ತಾನೆ. ಅವನ ಇಂಗ್ಲಿಷ್ ಕೇಳಿ ನಕ್ಕಾರು ಅಂತ ಭಯ. ಓಹಾಯೋದ ಆ ಹಿರಿಯರು ನನ್ನ ಉಚ್ಚಾರಣೆಗೆ ಕಾದ ಹಾಗೆ ಅವನಿಗೂ ಯಾರಾದರೂ ಕಾಯಬೇಕು. ಕಾಲ್ ಸೈನ್ ಬೇಕಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಹೇಳಲಿ. ಅದಾದ ಮೇಲೆ ವಿಯು2 ಹಿರಿಯರೊಬ್ಬರು ಕನ್ನಡದಲ್ಲೇ ಕೇಳಲಿ: ಯಾವ ಊರಪ್ಪ, ಯಾವ ಆಂಟೆನಾ ಹಾಕಿದೀಯ, ನಿಧಾನಕ್ಕೆ ಹೇಳು.