ಪಾರ್ವತಿಯ ಹಣೆಯ ಗಾಯ ಮತ್ತು ನಾನು ನೋಡಿದ ದೇವದಾಸರು

ಗಡ್ಡ ಬಿಟ್ಟ ಹುಡುಗನನ್ನು ಕಂಡರೆ ‘ಏನೋ, ದೇವದಾಸ್ ಆಗ್ಬಿಟ್ಟಿದೀಯ?’ ಅಂತ ಕೇಳುವುದು ನಮ್ಮಲ್ಲಿ ರೂಢಿ. ‘ದೇವದಾಸ್’ ಕಾದಂಬರಿ ಬರೆದ ಬಂಗಾಳಿ ಲೇಖಕ ಶರತ್‌ಚಂದ್ರರ ಒಂದು ಸಾಲೂ ಓದದವರು ಕೂಡ ಕೇಳುತ್ತಾರೆ. ಗಡ್ಡ, ಶಾಲು, ಬಾಟಲಿ, ಪಕ್ಕದಲ್ಲೊಂದು ನಾಯಿ. ಪ್ರೀತಿಸಿ ಕೆಟ್ಟವನು, ಪಾಪ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಕಾದಂಬರಿಯನ್ನು ಕನ್ನಡದಲ್ಲಿ ಓದಿದ್ದು ತುಂಬಾ ತಡವಾಗಿ. ಒಂದೇ ರಾತ್ರಿಗೆ ಮುಗಿಯುವಷ್ಟು ಚಿಕ್ಕ ಪುಸ್ತಕ. ಮುಗಿಸಿದ ಮೇಲೆ ನನಗೆ ಅವನ ಮೇಲೆ ಅಯ್ಯೋ ಅನ್ನಿಸಲಿಲ್ಲ, ಸಿಟ್ಟು ಬಂತು. ಆಮೇಲೆ ಸಿನಿಮಾಗಳನ್ನು ಒಂದೊಂದಾಗಿ ಮತ್ತೆ ಹಾಕಿಕೊಂಡು ನೋಡಿದೆ. ಪಕ್ಕದಲ್ಲಿ ಅಮ್ಮ ಇದ್ದಳು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಕಾದಂಬರಿಯ ಎರಡು ಜಾಗ ಹೇಳಬೇಕು.

ಒಂದು, ನಡುರಾತ್ರಿಯ ಭೇಟಿ. ಪಾರ್ವತಿಗೆ ಇನ್ನೂ 13 ವರ್ಷ. ಪಕ್ಕದ ಮನೆಯ ಜಮೀನ್ದಾರರು, ಅಂದರೆ ದೇವದಾಸನ ಮನೆಯವರು, ಸಂಬಂಧ ಬೇಡ ಅಂದಿದ್ದಾರೆ. ಹುಡುಗಿ ಕಡೆಯವರು ಹೆಣ್ಣು ಕೊಡುವಾಗ ತೆರ ತೆಗೆದುಕೊಳ್ಳುವ ಮನೆತನ, ಒಂದು ಮೆಟ್ಟಿಲು ಕೆಳಗೆ. ಅದೂ ಅಲ್ಲದೆ ಪಕ್ಕದ ಮನೆಯವರನ್ನೇ ಬೀಗರು ಮಾಡಿಕೊಳ್ಳೋದಾ ಅಂತ. ಅಂಥ ಹೊತ್ತಲ್ಲಿ ಆ ಹುಡುಗಿ ಕತ್ತಲಲ್ಲಿ ಒಬ್ಬಳೇ ನಡೆದು ದೇವದಾಸನ ಕೋಣೆಗೆ ಬರುತ್ತಾಳೆ. ನನಗೆ ನಿನ್ನ ಕಾಲ ಬಳಿ ಜಾಗ ಕೊಡು ಅನ್ನುತ್ತಾಳೆ. ಅವನಿಗೆ ಬರುವ ಮೊದಲ ಯೋಚನೆ ಏನು ಗೊತ್ತಾ? ಯಾರಾದರೂ ನೋಡಿಬಿಟ್ಟರೆ? ಆಮೇಲೆ ಕಲ್ಕತ್ತಾಕ್ಕೆ ಹೋಗಿ ಕಾಗದ ಬರೆಯುತ್ತಾನೆ, ನಿನ್ನ ಮೇಲೆ ನನಗೆ ಅಂಥಾ ಪ್ರೀತಿಯೇನೂ ಇರಲಿಲ್ಲ ಅಂತ.

ಎರಡನೆಯದು ಕೆರೆಯ ದಂಡೆ. ಕಾಗದ ಹಾಕಿ ಪಶ್ಚಾತ್ತಾಪವಾಗಿ ಅವನು ವಾಪಸ್ ಬಂದಿದ್ದಾನೆ. ಕೈಯಲ್ಲಿ ಗಾಳದ ಕೋಲು. ಪಾರ್ವತಿ ನೀರಿಗೆ ಬಂದಿದ್ದಾಳೆ. ಈಗ ಅವನಿಗೆ ಅವಳು ಬೇಕು. ಅವಳು ತಲೆ ಎತ್ತಿ ಮಾತಾಡುತ್ತಾಳೆ, ನಿನಗೆ ತಂದೆತಾಯಿ ಇದ್ದ ಹಾಗೆ ನನಗೂ ಇದ್ದಾರೆ ಅನ್ನುತ್ತಾಳೆ. ಅವನಿಗೆ ತಡೆಯಲಾಗುವುದಿಲ್ಲ. ಚಂದ್ರ ಅಷ್ಟು ಚೆಂದ, ಅದಕ್ಕೇ ಅವನಿಗೊಂದು ಕಲೆ ಅಂತ ಹೇಳಿ ಆ ಕೋಲನ್ನೇ ತಿರುಗಿಸಿ ಅವಳ ಹಣೆಗೆ ಹೊಡೆಯುತ್ತಾನೆ. ಮುಖವೆಲ್ಲ ರಕ್ತ.

ಈ ಕಾದಂಬರಿಯನ್ನು ಯಾರೇ ತೆರೆಗೆ ತರಲಿ, ನಾನು ನೋಡುವುದು ಇದನ್ನೇ. ಆ ಏಟು ನೋವಾಗುತ್ತದೆಯೋ ಇಲ್ಲವೋ? ರಾತ್ರಿ ನಡೆದುಬಂದ ಹುಡುಗಿಯ ಧೈರ್ಯ ಕಾಣುತ್ತದೆಯೋ ಇಲ್ಲವೋ?

ಪುಸ್ತಕ ಬಂದದ್ದು 1917ರಲ್ಲಿ. ಮೊದಲ ಮೂಕಿಚಿತ್ರ 1928ರಷ್ಟು ಹಿಂದೆಯೇ ಆಗಿತ್ತು. 1935ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್‌ಗಾಗಿ ಪ್ರಮಥೇಶ್ ಬರುವಾ ಬಂಗಾಳಿಯಲ್ಲಿ ಮಾಡಿದರು, ದೇವದಾಸನೂ ಅವರೇ. ಹಿಂದಿಯಲ್ಲಿ ದೇವದಾಸನಾದವರು ಗಾಯಕ ನಟ ಸೈಗಲ್. ಸೈಗಲ್ ದನಿ ಕೇಳಿದರೆ ಇಂದಿಗೂ ಎದೆ ಭಾರ ಆಗುತ್ತದೆ. ಆದರೆ ಅಷ್ಟು ಚೆನ್ನಾಗಿ ಹಾಡುವವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಕುಡುಕ ದೇವದಾಸ ದೇಶಕ್ಕೆಲ್ಲ ಬೇಕಾದವನಾದದ್ದು ಅಲ್ಲಿಂದಲೇ ಅಂತ ನನ್ನ ಅನಿಸಿಕೆ.

ನಮ್ಮ ಅಮ್ಮನ ದೇವದಾಸ ಮಾತ್ರ ನಾಗೇಶ್ವರ ರಾವ್. 1953ರ ತೆಲುಗು ‘ದೇವದಾಸು’. ಕೋಲಾರದ ಕಡೆಯವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಘಂಟಸಾಲ ಹಾಡು ಶುರುವಾದರೆ ಒಲೆ ಸಣ್ಣ ಮಾಡಿ ಬಂದು ನಿಲ್ಲುತ್ತಾಳೆ. ನಾಗೇಶ್ವರ ರಾವ್ ಅವರ ಆ ಅರೆಮುಚ್ಚಿದ ಕಣ್ಣು ಯಾರಿಗೆ ತಾನೆ ಮರೆಯುತ್ತದೆ? ಆದರೆ ಈ ಸಲ ನನ್ನ ಕಣ್ಣು ಹೋದದ್ದು ಸಾವಿತ್ರಿಯ ಕಡೆ. ಅವರ ಪಾರ್ವತಿ ಅಳುವಾಗಲೂ ಬಾಗುವುದಿಲ್ಲ. ಅಮ್ಮನಿಗೆ ಹೇಳಿದೆ. ‘ಅದನ್ನ ನಾವು ಆಗಲೇ ನೋಡಿದ್ವಿ, ನೀವು ಗಂಡಸರು ಅವನನ್ನೇ ನೋಡ್ತಾ ಕೂತಿದ್ರಿ’ ಅಂದಳು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಬಿಮಲ್ ರಾಯ್ ಅವರ 1955ರ ಚಿತ್ರ. ಸೈಗಲ್ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದವರು ಇದೇ ಬಿಮಲ್ ರಾಯ್. ಇಪ್ಪತ್ತು ವರ್ಷ ಆ ಕಥೆ ಅವರ ತಲೆಯಲ್ಲಿ ಇದ್ದಿರಬೇಕು. ದಿಲೀಪ್ ಕುಮಾರ್ ಹೀರೋ ಥರ ನಡೆಯುವುದೇ ಇಲ್ಲ. ಏನು ಮಾಡಬೇಕೋ ತೋಚದ, ಅಪ್ಪನ ಎದುರು ಬಾಯಿ ಬಾರದ ಶ್ರೀಮಂತರ ಮಗ. ಅವನು ಹೊಡೆದಾಗ ಏಟು ನಮ್ಮ ಹಣೆಗೇ ಬಿದ್ದಂತೆ ಆಗುತ್ತದೆ.

ಅದರಲ್ಲಿ ಒಂದು ದೃಶ್ಯ ಇದೆ. ಹಳ್ಳಿಯ ದಾರಿ. ಪಾರ್ವತಿ ಪಲ್ಲಕ್ಕಿಯಲ್ಲಿ ಬರುತ್ತಿದ್ದಾಳೆ. ಎದುರಿನಿಂದ ಚಂದ್ರಮುಖಿ, ದೇವದಾಸನನ್ನು ಪ್ರೀತಿಸುವ ಕಲ್ಕತ್ತಾದ ವೇಶ್ಯೆ, ನಡೆದು ಬರುತ್ತಿದ್ದಾಳೆ. ಇಬ್ಬರಿಗೂ ಇನ್ನೊಬ್ಬಳು ಯಾರು ಅಂತ ಗೊತ್ತಿಲ್ಲ. ಪಲ್ಲಕ್ಕಿಯೊಳಗಿಂದ ಸುಚಿತ್ರಾ ಸೇನ್ ನೋಡುತ್ತಾರೆ, ದಾರಿಯ ಪಕ್ಕದಿಂದ ವೈಜಯಂತಿಮಾಲಾ ನೋಡುತ್ತಾರೆ. ಒಂದು ಮಾತಿಲ್ಲ. ಎಸ್.ಡಿ. ಬರ್ಮನ್ ಸಂಗೀತ ಅಷ್ಟೇ. ಪಲ್ಲಕ್ಕಿ ಮುಂದೆ ಹೋಗುತ್ತದೆ. ನಾನು ಆ ಜಾಗವನ್ನು ಮೂರು ಸಲ ಹಿಂದೆ ಹಾಕಿ ನೋಡಿದೆ. ಇಬ್ಬರೂ ಒಬ್ಬನಿಗಾಗಿ ಬದುಕು ಸವೆಸುತ್ತಿದ್ದಾರೆ, ಅವನು ಇಬ್ಬರಲ್ಲಿ ಯಾರ ಹತ್ತಿರವೂ ಇಲ್ಲ. ಕಾದಂಬರಿಯಲ್ಲಿ ಇವರಿಬ್ಬರೂ ಭೇಟಿಯಾಗುವುದೇ ಇಲ್ಲ. ಆದರೂ ಇದು ಶರತ್‌ಚಂದ್ರರೇ ಬರೆದ ಹಾಗಿದೆ. ವೈಜಯಂತಿಮಾಲಾ ಈ ಪಾತ್ರಕ್ಕೆ ಸಿಕ್ಕ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿಯನ್ನು ತಗೊಳ್ಳಲಿಲ್ಲ, ತನ್ನದು ಪೋಷಕ ಪಾತ್ರ ಅಲ್ಲ ಅಂತ. ಈ ಒಂದು ದೃಶ್ಯ ನೋಡಿದರೆ ಸಾಕು, ಅವರು ಹೇಳಿದ್ದು ಸರಿ ಅಂತ ಗೊತ್ತಾಗುತ್ತದೆ.

ಈಗ 2002. ಸಂಜಯ್ ಲೀಲಾ ಭನ್ಸಾಲಿ. ಆಗ ಬೆಂಗಳೂರಿನಲ್ಲಿ ಗೆಳೆಯರ ಜೊತೆ ಥಿಯೇಟರಿನಲ್ಲಿ ನೋಡಿ ಅತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಮಾಧುರಿ ಕುಣಿತ, ಆ ಬಣ್ಣದ ಗಾಜಿನ ಮನೆ, ಎಲ್ಲ ಕಣ್ಣು ತುಂಬುತ್ತದೆ. ಈ ಸಲ ನೋಡಿದಾಗ ನನಗೆ ಬೇಜಾರಾಯಿತು. ಕಾದಂಬರಿಯ ದೇವದಾಸ ಕಲ್ಕತ್ತಾದಿಂದ ಬರುತ್ತಾನೆ, ಇಲ್ಲಿ ಲಂಡನ್ನಿನಿಂದ. ಬಡ ಪಕ್ಕದ ಮನೆ ಇಲ್ಲಿ ಅರಮನೆ ಆಗಿದೆ. ಪಾರೋ, ಅಂದರೆ ಪಾರ್ವತಿಯ ಮನೆಯೇ ಅಷ್ಟು ದೊಡ್ಡದಿದ್ದರೆ ಜಮೀನ್ದಾರರು ಬೇಡ ಅನ್ನುವುದು ಮೈಗೆ ತಾಕುವುದಿಲ್ಲ, ಅಲ್ವಾ? ಅದಕ್ಕೆ ಒಬ್ಬ ಕೆಟ್ಟ ಅತ್ತಿಗೆ ಬೇಕಾಗುತ್ತಾಳೆ. ತಪ್ಪೆಲ್ಲ ಅವಳ ತಲೆಗೆ ಹೋಗುತ್ತದೆ, ದೇವದಾಸ ಪಾರಾಗಿಬಿಡುತ್ತಾನೆ.

ಇನ್ನು ಆ ಏಟು. ಗಾಳದ ಕೋಲಿನ ಜಾಗದಲ್ಲಿ ಇಲ್ಲಿ ಮುತ್ತಿನ ಹಾರ. ಮದುವೆಯ ಸೀರೆ, ಒಡವೆ, ಹಣೆಯ ಮೇಲೆ ಇಳಿಯುವ ರಕ್ತ. ರಕ್ತವೂ ಅಲಂಕಾರದ ಹಾಗೆ ಕಾಣುತ್ತದೆ. ಒಬ್ಬ ಹೆಣ್ಣುಮಗಳ ಮುಖಕ್ಕೆ ಹೊಡೆದದ್ದನ್ನು ಹಾಗೆ ಚೆಂದ ಮಾಡಿ ತೋರಿಸಬಾರದಿತ್ತು. ಇದು ನನಗೆ ನಿಜವಾಗಿಯೂ ನೋವು ತಂದಿದೆ. ಪಾರೋ, ಚಂದ್ರಮುಖಿ ಜೊತೆಯಾಗಿ ಕುಣಿಯುವ ಹಾಡು ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಪಲ್ಲಕ್ಕಿಯ ಆ ನೋಟದ ಮುಂದೆ ಅದು ನಿಲ್ಲಲ್ಲ.

ಅನುರಾಗ್ ಕಶ್ಯಪ್ ಅವರ 2009ರ ‘ದೇವ್ ಡಿ’ ನೋಡಿ ಎಂದು ಅಮ್ಮನಿಗೆ ಹೇಳಲಾಗಲಿಲ್ಲ, ನಾನೊಬ್ಬನೇ ನೋಡಿದೆ. ಕಥೆ ಪಂಜಾಬಿಗೆ, ಆಮೇಲೆ ದಿಲ್ಲಿಗೆ ಹೋಗಿದೆ. ಹೆಸರು ಬಿಟ್ಟರೆ ಕಾದಂಬರಿಯ ಒಂದು ಗೋಡೆಯೂ ಉಳಿದಿಲ್ಲ ಅನ್ನಿಸುತ್ತದೆ. ಆದರೆ ಪಾರೋ ಸೈಕಲ್ ಮೇಲೆ ಹಾಸಿಗೆ ಹೇರಿಕೊಂಡು ಹೊಲಕ್ಕೆ ಬರುತ್ತಾಳಲ್ಲ, ಅವಳೇ ಕಣ್ರೀ ಆ ನಡುರಾತ್ರಿಯ ಪಾರ್ವತಿ! ಅದೇ ಧೈರ್ಯ. ಅವನ ಕಡೆಯಿಂದ ಅದೇ ಅವಮಾನ. ಅದೇ ಹಾಸಿಗೆಯನ್ನು ವಾಪಸ್ ಹೇರಿಕೊಂಡು ಹೋಗುವ ಅವಳ ಮುಖ ನೋಡಿ. ದೇವದಾಸನ ಮೇಲೆ ನೇರವಾಗಿ ಸಿಟ್ಟಾದ ನಿರ್ದೇಶಕ ನನಗೆ ಇವರೊಬ್ಬರೇ ಕಂಡದ್ದು. ಕೊನೆಗೆ ಅವನನ್ನು ಸಾಯಿಸದೆ ಬದುಕಿಸಿದ್ದೂ ಆ ಸಿಟ್ಟಿನಿಂದಲೇ ಇರಬೇಕು.

ಸಾವಿನ ಮಾತು ಬಂದಿತು. ಸಿನಿಮಾಗಳಿಂದ ನಮಗೆಲ್ಲ ನೆನಪಿರುವುದು ಓಡಿ ಬರುವ ಪಾರೋ, ಮುಚ್ಚಿಕೊಳ್ಳುವ ದೊಡ್ಡ ಬಾಗಿಲು. ಪುಸ್ತಕದಲ್ಲಿ ಅವಳಿಗೆ ವಿಷಯ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ದೇವದಾಸ ರೈಲಿನಲ್ಲಿ ನಿದ್ದೆಯಲ್ಲಿದ್ದ ಆಳನ್ನು ಎಬ್ಬಿಸದೆ ಪಾಂಡುವಾದಲ್ಲಿ ಇಳಿಯುತ್ತಾನೆ. ಎತ್ತಿನ ಗಾಡಿ ಮಾಡಿಕೊಂಡು, ಕೆಸರಿನ ದಾರಿಯಲ್ಲಿ, ಇನ್ನೆಷ್ಟು ದೂರ ಇನ್ನೆಷ್ಟು ದೂರ ಅಂತ ಕೇಳುತ್ತಾ ಪಾರ್ವತಿಯನ್ನು ಮದುವೆ ಮಾಡಿಕೊಟ್ಟ ಊರು ಹಾತಿಪೋತಾ ತಲುಪುತ್ತಾನೆ. ಅವಳ ಗಂಡ, ಆ ಊರಿನ ಜಮೀನ್ದಾರರ ಮನೆ ಎದುರಿನ ಅಶ್ವತ್ಥ ಕಟ್ಟೆಯ ಹತ್ತಿರ ಪ್ರಾಣ ಹೋಗುತ್ತದೆ. ಯಾವ ಜಾತಿಯವನೋ ಅಂತ ಊರವರು ಹೆಣ ಮುಟ್ಟುವುದಿಲ್ಲ. ಚಂಡಾಲರು ಒಯ್ದು ಅರ್ಧ ಸುಟ್ಟು ಬಿಟ್ಟು ಬರುತ್ತಾರೆ.

ಆ ಪುಟಗಳನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೈಯಲ್ಲಿದ್ದ ಅವರೆಕಾಯಿ ಹಾಗೇ ಮಡಿಲಲ್ಲಿ ಉಳಿದಿತ್ತು. ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದಳು: ‘ರಾತ್ರಿಯೆಲ್ಲ ಅವನ ಪಕ್ಕ ಕೂತಿದ್ದನಲ್ಲ, ಆ ಗಾಡಿಯವನು. ಅವನ ಹೆಸರೇನು?’

ಪುಟ ತಿರುಗಿಸಿ ನೋಡಿದೆ. ಗಾಡಿಯವನು ಅಂತಷ್ಟೇ ಇತ್ತು.