ಲೆಕ್ಕ ಕಾಕಾಂದು, ಓಟಿಪಿ ಇನ್ನೊಬ್ಬರಿಗೆ

ನಿನ್ನೆ 10ನೇ ತಾರೀಖು. ಸಂಜೆ ಏಳಕ್ಕೆ ನಮ್ಮ ಕಲಬುರಗಿಯ ನೆಹರು ಗಂಜ್‌ನಿಂದ ಒಬ್ಬ ಕಾಕಾ ಬಂದು ಹೊಸ ಮೊಬೈಲು ನನ್ನ ಟೇಬಲ್ ಮೇಲಿಟ್ಟು ಸುಮ್ಮನೆ ಕುಂತರು. ಸಣ್ಣ ದಾಲ್ ಮಿಲ್ ಅವರದು. 2022ರ ಜುಲೈನಲ್ಲಿ ಲೇಬಲ್ ಹಚ್ಚಿದ ಪಾಕೀಟಿನ ಬೇಳೆಗೂ ಶೇಕಡಾ 5 ಜಿಎಸ್‌ಟಿ ಬಿದ್ದ ಮೇಲೆ ಕೆಂಪು ಬಟ್ಟೆಯ ಕಿರ್ದಿ ಬಿಟ್ಟು, ಲೆಕ್ಕವೆಲ್ಲ ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿನಲ್ಲಿ ಉಳಿಯುವ ಕ್ಲೌಡ್ ಬಿಲ್ಲಿಂಗಿಗೆ ಬಂದವರು. ಹಳೇ ಫೋನು ಒಡೆದಿದೆ. ಹೊಸದರಲ್ಲಿ ಲಾಗಿನ್ ಆಗಲು ಹೋದರೆ ಓಟಿಪಿ ಬೇರೆ ಯಾರದೋ ನಂಬರಿಗೆ ಹೋಗುತ್ತಿದೆ.

ಯಾರದು? ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗನದು. ಅವನು ಕೆಲಸ ಬಿಟ್ಟು ಪುಣೆಗೆ ಹೋಗಿ ವರ್ಷವಾಯ್ತು. ಹೆಲ್ಪ್‌ಲೈನಿಗೆ ಹಚ್ಚಿದೆ. ರಿಜಿಸ್ಟರ್ಡ್ ಮೇಲ್‌ನಿಂದ ಬರೆಯಿರಿ ಅಂದರು. ಆ ಮೇಲೂ ಹುಡುಗನದೇ!

"ಲೆಕ್ಕಾ ನಂದದ, ರೊಕ್ಕಾ ನಾ ಕಟ್ಟೀನಿ, ಓಟಿಪಿ ಅವನಿಗಿ ಯಾಕ್ ಹೋಗ್ತದ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯೆಲ್ಲ ಸಿಟ್ಟು ಇಳಿಯಲಿಲ್ಲ. ಇವತ್ತು 11, ಹೋದ ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನಿಗೆ ಕೊನೇ ದಿನ. ತಡವಾದರೆ ಇಲಾಖೆ ಕೇಳುವುದು ಕಾಕಾರನ್ನು. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕ ಕಾಯ್ದಿಡಬೇಕು ಅಂತ ಕಾನೂನು ಹೇಳುತ್ತದೆ. ಕಾಯುವ ಹೊಣೆ ಕಾಕಾಂದು, ಕೀಲಿಕೈ ಮಾತ್ರ ಪುಣೆಯಲ್ಲಿ.

ಕ್ಲೌಡೇ ಬೇಡ, ಅಂಗಡಿ ಕಂಪ್ಯೂಟರೇ ಛಲೋ ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮೂರಿನ ಮೇ ತಿಂಗಳ ಬಿಸಿಲು, ಹೋಗಿ ಬರುವ ಕರೆಂಟು, ಇವೆರಡರ ನಡುವೆ ಹಾರ್ಡ್ ಡಿಸ್ಕ್ ಸತ್ತು ಮೂರು ವರ್ಷದ ಉದ್ರಿ ಲೆಕ್ಕ ಕಳಕೊಂಡವರ ಮುಂದೆ ನಾನು ಕುಂತಿದ್ದೇನೆ. ಆ ಮನುಷ್ಯ ಬಾಕಿದಾರರ ಮನೆಗೆ ಹೋಗಿ "ನೀವೇ ಹೇಳ್ರಿ, ಎಷ್ಟ್ ಕೊಡೋದದ" ಅಂತ ಕೇಳಿಕೊಂಡು ತಿರುಗಿದ. ಕ್ಲೌಡ್ ಬೇಕು. ಕ್ಲೌಡ್ ಜಾಗ ಬಾಡಿಗೆಗೆ ಕೊಡುವ ಅಮೆಜಾನಿನ ಡೇಟಾ ಸೆಂಟರುಗಳು 2016ರಿಂದ ಮುಂಬೈಯಲ್ಲಿ, 2022ರಿಂದ ಪಕ್ಕದ ಹೈದರಾಬಾದಿನಲ್ಲೇ ಇವೆ. ಲೆಕ್ಕ ಅಲ್ಲಿ ಭದ್ರವಾಗಿಯೇ ಇರುತ್ತದೆ. ಆದರೆ ಬಾಗಿಲು ತೆಗೆಯುವ ನಂಬರು ಮಾಲೀಕನದಲ್ಲದಿದ್ದರೆ ಆ ಭದ್ರತೆ ಯಾರಿಗೆ?

ಇಂಥ ಸಾಫ್ಟ್‌ವೇರ್ ಹಾಕಿಕೊಡುವ ಒಬ್ಬ ಏಜೆಂಟರಿಗೆ ಕೇಳಿಯೇಬಿಟ್ಟೆ. "ಸರ್, ಇವ್ರಿಗಿ ತಿಳಿಯಂಗಿಲ್ಲ, ಅದಕ್ಕ ನಮ್ಮ ನಂಬರ್ ಹಾಕ್ತೀವಿ" ಅಂದರು. ತಿಳಿಯಂಗಿಲ್ಲ? ಈ ಕಾಕಾ ಚೀಲಕ್ಕೆ ಮೊಳಕೈತನಕ ಕೈಯಿಳಿಸಿ, ಅಡಿಯಿಂದ ನಾಲ್ಕು ತೊಗರಿ ಕಾಳು ತೆಗೆದು, ಹಲ್ಲಿನಲ್ಲಿ ಕಟ್ ಅನ್ನಿಸಿ ಹಸಿ ಎಷ್ಟಿದೆ ಅಂತ ಹೇಳುತ್ತಾರೆ. 2019ರಲ್ಲಿ ಜಿಐ ಟ್ಯಾಗ್ (ಈ ನೆಲದ್ದೇ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕ ನಮ್ಮ ತೊಗರಿಬೇಳೆಯ ಹೆಸರು ನಿಂತಿರುವುದು ಇಂಥವರ ಹಲ್ಲಿನ ಮೇಲೆ. ದಿನಕ್ಕೆ ನೂರು ಸಲ ಯುಪಿಐ ಮೆಸೇಜ್ ನೋಡುವವರಿಗೆ ಆರಂಕಿಯ ಓಟಿಪಿ ತಿಳಿಯುವುದಿಲ್ಲವೇ? ಕನ್ನಡದಲ್ಲಿ ಐದು ನಿಮಿಷ ಕುಂತು ಹೇಳುವ ತಾಳ್ಮೆ ನಮಗಿಲ್ಲ, ಅಷ್ಟೇ.

ನಮಗೆ ಅಂದೆ. ಹೌದು. ಕಾಕಾ ಹೋದ ಮೇಲೆ ನನ್ನ ಡೈರಿ ತೆಗೆದು ನೋಡಿದೆ. ಹನ್ನೊಂದು ಅಂಗಡಿಗಳ ಖಾತೆಗೆ ನನ್ನದೇ ನಂಬರು, ನನ್ನದೇ ಮೇಲ್ ಇದೆ. ಗಡಿಬಿಡಿಯಲ್ಲಿ ಹಾಕಿದ್ದೆ, ಆಮೇಲೆ ಬದಲಿಸಲಿಲ್ಲ. ನಾಳೆ ನನಗೇನಾದರೂ ಆದರೆ ಹನ್ನೊಂದು ಮನೆಯ ಲೆಕ್ಕ ನನ್ನ ಸಿಮ್ ಜೊತೆ ಹೋಗುತ್ತದೆ. ಇದು ನನ್ನ ತಪ್ಪು, ಅವರೆಲ್ಲರ ಕ್ಷಮೆ ಕೇಳುತ್ತೇನೆ.

ಪುಣೆಯ ಹುಡುಗ ರಾತ್ರಿ ಹತ್ತೂವರೆಗೆ ಫೋನ್ ಎತ್ತಿದ. ಪಾಪ, ಒಳ್ಳೆಯವನು, ಓಟಿಪಿ ಓದಿ ಹೇಳಿದ. ಕಾಕಾ ಅದನ್ನು ಅಂಗೈ ಮೇಲೆ ಬರಕೊಂಡರು. ಮೊದಲು ನಂಬರು, ಮೇಲ್ ಎರಡನ್ನೂ ಅವರ ಹೆಸರಿಗೆ ಮಾಡಿಸಿದೆ. ಆಮೇಲೆ ಪೂರ್ತಿ ಲೆಕ್ಕ ಎಕ್ಸೆಲ್‌ನಲ್ಲಿ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಪ್ರತಿ ತಿಂಗಳು ಹೀಗೆ ಇಳಿಸಿಕೊಳ್ಳಬೇಕು ಅಂತ ಮೊದಲ ದಿನವೇ ಅವರಿಗೆ ಯಾರಾದರೂ ಹೇಳಬೇಕಿತ್ತು.

ನನ್ನ ನಂಬರಿನಲ್ಲಿರುವ ಹನ್ನೊಂದು ಅಂಗಡಿಯವರೇ, ಈ ಭಾನುವಾರ ಆಫೀಸ್ ತೆಗೆದಿರುತ್ತದೆ. ಮಗನನ್ನು ಕಳಿಸಬೇಡಿ. ನಿಮ್ಮ ಫೋನ್ ತಗೊಂಡು ನೀವೇ ಬರ್ರಿ.